ಪೆರುವಿನ ಮೆಣಸಿನಕಾಯಿ ಪೇಸ್ಟ್: ಮನೆಯಡುಗೆಯ ಕೈಪಿಡಿ

ಪೆರುವಿನಲ್ಲಿ ನಾಲ್ಕು ಜನರ ಒಂದು ಹೊತ್ತಿನ ಅಡುಗೆಗೆ ನಾಲ್ಕೈದು ದೊಡ್ಡ ಚಮಚ ಮೆಣಸಿನಕಾಯಿ ಪೇಸ್ಟ್ ಹಾಕುವುದು ಮಾಮೂಲಿ. ಅಷ್ಟು ಹಾಕಿದರೂ ತಿನ್ನುವವರಿಗೆ ಖಾರ ನೆತ್ತಿಗೇರುವುದಿಲ್ಲ. ಬೀಜ ಮತ್ತು ಒಳಗಿನ ಬಿಳಿ ತಿರುಳನ್ನು ತೆಗೆದು, ಬೇಯಿಸಿ, ನುಣ್ಣಗೆ ರುಬ್ಬಿದ ಮೇಲೆ ಅಲ್ಲಿನ ಮೆಣಸಿನಕಾಯಿ ಒಂದು ತರಕಾರಿಯಂತೆ ಕೆಲಸ ಮಾಡುತ್ತದೆ. ಸಾರಿಗೆ ಬಣ್ಣ, ಮಂದ, ಪರಿಮಳ ಮೂರನ್ನೂ ಕೊಡುತ್ತದೆ; ಖಾರ ಹಿಂದಿನಿಂದ ಮೆಲ್ಲಗೆ ಬರುತ್ತದೆ. ಈ ಪೇಸ್ಟನ್ನು ನಮ್ಮ ಮನೆಗಳಲ್ಲಿ ಬಳಸಲು ಹೊರಟವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ. ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಇದರ ರುಚಿ ತಿಳಿಯುವುದಿಲ್ಲ, ಬಾಡಿಸದೆ ಹಾಕಿದರೆ ಹಸಿ ವಾಸನೆ ಬಿಡುವುದಿಲ್ಲ.

ಮುಖ್ಯ ಬಗೆಗಳು

ಪೆರುವಿನ ಜನ ಮೆಣಸಿನಕಾಯಿಯನ್ನು ‘ಅಹೀ’ ಎನ್ನುತ್ತಾರೆ. ಪೇಸ್ಟ್ ರೂಪದಲ್ಲಿ ಹೆಚ್ಚು ಬಳಕೆಯಾಗುವವು ನಾಲ್ಕು.

ಅಹೀ ಅಮರಿಯೊ: ಇದು ಎಲ್ಲಕ್ಕಿಂತ ಮುಖ್ಯವಾದದ್ದು. ಹೆಸರಿನಲ್ಲಿ ಹಳದಿ ಎಂದಿದ್ದರೂ ಹಣ್ಣಾದ ಕಾಯಿ ಕಿತ್ತಳೆ ಬಣ್ಣದ್ದು. ಎಣ್ಣೆ, ಹಾಲು ಸೇರಿದಾಗ ಅಡುಗೆ ಹೊಳೆಯುವ ಹಳದಿಗೆ ತಿರುಗುತ್ತದೆ. ಬೆರಳಿಗಿಂತ ಉದ್ದ, ದಪ್ಪ ತೊಗಲು, ಹಣ್ಣಿನಂಥ ಸುವಾಸನೆ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾಪ್ಸಿಕಂ ಬಕಾಟಮ್ ಪ್ರಭೇದಕ್ಕೆ ಸೇರಿದೆ. ಖಾರವನ್ನು ಸಾಮಾನ್ಯವಾಗಿ 30,000ದಿಂದ 50,000 ಸ್ಕೋವಿಲ್ ಎನ್ನುತ್ತಾರೆ. ಇದು ಇಡೀ ಕಾಯಿಯ ಲೆಕ್ಕ. ಬೀಜ ಮತ್ತು ತಿರುಳು ತೆಗೆದ ಪೇಸ್ಟ್ ಇದಕ್ಕಿಂತ ತುಂಬಾ ಸೌಮ್ಯ.

ಅಹೀ ಮಿರಾಸೋಲ್: ಅಮರಿಯೊವನ್ನೇ ಬಿಸಿಲಿನಲ್ಲಿ ಒಣಗಿಸಿದರೆ ಮಿರಾಸೋಲ್. ಒಣಗಿದಾಗ ಹಣ್ಣಿನ ರುಚಿ ಗಾಢವಾಗಿ, ಒಣದ್ರಾಕ್ಷಿಯ ಛಾಯೆ ಬರುತ್ತದೆ.

ಅಹೀ ಪಾಂಕಾ: ಕಡುಗೆಂಪಿನಿಂದ ಕಂದು ಬಣ್ಣದವರೆಗಿನ ಒಣಮೆಣಸಿನಕಾಯಿ. ಖಾರ ಬಹಳ ಕಡಿಮೆ. ಸ್ವಲ್ಪ ಸಿಹಿ, ಸ್ವಲ್ಪ ಹೊಗೆಯ ವಾಸನೆ. ಮಾಂಸ ನೆನೆಸಿಡುವ ಮಸಾಲೆಗೆ ಇದೇ ಆಧಾರ.

ರೊಕೋಟೊ: ಸಣ್ಣ ಟೊಮೆಟೊದಂತೆ ದುಂಡಗೆ ಕಾಣುವ, ದಪ್ಪ ಗೋಡೆಯ ಕಾಯಿ. ಕತ್ತರಿಸಿದರೆ ಒಳಗೆ ಕಪ್ಪು ಬೀಜ. ಗಿಡದ ಎಲೆಯ ಮೇಲೆ ನವಿರಾದ ರೋಮ, ಹೂವು ನೇರಳೆ. ಆಂಡಿಸ್ ಬೆಟ್ಟಗಳ ತಂಪಿನಲ್ಲಿ ಬೆಳೆಯುವ ಕ್ಯಾಪ್ಸಿಕಂ ಪ್ಯೂಬೆಸೆನ್ಸ್ ಪ್ರಭೇದ ಇದು. ನಾಲ್ಕರಲ್ಲಿ ನಿಜವಾಗಿ ಖಾರವಾದದ್ದು ಇದೇ. ತೊಗಲು ದಪ್ಪವಾದ್ದರಿಂದ ಚೆನ್ನಾಗಿ ಒಣಗುವುದಿಲ್ಲ. ಹಸಿಯಾಗಿ ಅಥವಾ ಪೇಸ್ಟ್ ಮಾಡಿಯೇ ಬಳಸುತ್ತಾರೆ.

ಇವಲ್ಲದೆ ಕರಾವಳಿಯ ಸೆವಿಚೆಗೆ (ನಿಂಬೆ ರಸದಲ್ಲಿ ನೆನೆಸಿದ ಹಸಿ ಮೀನಿನ ತಿನಿಸು) ಬಳಸುವ ಅಹೀ ಲಿಮೊ, ಅಮೆಜಾನ್ ಕಾಡಿನ ಕಡೆಯ, ಬಟಾಣಿ ಗಾತ್ರದ ಹಳದಿ ಚರಪೀಟಾ ಕೂಡ ಹೆಸರಾದವು. ಇವನ್ನು ಹೆಚ್ಚಾಗಿ ಹಸಿಯಾಗಿಯೇ ಬಳಸುತ್ತಾರೆ.

ಹಿನ್ನೆಲೆ

ಮನುಷ್ಯ ಕೃಷಿಗೆ ಒಗ್ಗಿಸಿಕೊಂಡ ಮೆಣಸಿನಕಾಯಿ ಪ್ರಭೇದಗಳು ಐದು. ಆ ಐದೂ ಪೆರುವಿನಲ್ಲಿ ಬೆಳೆಯುತ್ತವೆ. ಅಲ್ಲಿನ ಉತ್ತರ ಕರಾವಳಿಯ ವಾಕಾ ಪ್ರಿಯೆತಾ ಎಂಬ ಪುರಾತನ ನೆಲೆಯಲ್ಲಿ ಸಾವಿರಾರು ವರ್ಷ ಹಿಂದಿನ ಮೆಣಸಿನಕಾಯಿಯ ಅವಶೇಷಗಳು ಸಿಕ್ಕಿವೆ. ಇಂಕಾ ಜನರ ಕೆಚುವಾ ಭಾಷೆಯಲ್ಲಿ ಇದಕ್ಕೆ ‘ಉಚು’ ಎಂಬ ಹೆಸರು. ಕುಸ್ಕೊದಲ್ಲಿ ಇಂಕಾ ರಾಜವಂಶದ ತಾಯಿಗೂ ಸ್ಪ್ಯಾನಿಷ್ ತಂದೆಗೂ ಹುಟ್ಟಿದ ಇಂಕಾ ಗಾರ್ಸಿಲಾಸೊ ದೆ ಲಾ ವೇಗಾ 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉಚುವಿನ ಬಗ್ಗೆ ಬರೆದಿದ್ದಾನೆ. ತನ್ನ ತಾಯಿಯ ಕಡೆಯವರು ಅದಿಲ್ಲದೆ ಊಟ ಮಾಡುತ್ತಿರಲಿಲ್ಲ, ಕಠಿಣ ಉಪವಾಸದ ದಿನಗಳಲ್ಲಿ ಮಾತ್ರ ಉಚುವನ್ನು ಬಿಡುತ್ತಿದ್ದರು ಎನ್ನುತ್ತಾನೆ. ನಿತ್ಯದ ಊಟದಲ್ಲಿ ಅದಕ್ಕೆ ಎಂಥ ಜಾಗವಿತ್ತು ಎಂಬುದು ಈ ಮಾತಿನಿಂದಲೇ ತಿಳಿಯುತ್ತದೆ.

16ನೇ ಶತಮಾನದಲ್ಲಿ ಸ್ಪ್ಯಾನಿಷರು ಬಂದ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಹಾಲು, ಗಿಣ್ಣು, ಗೋಧಿ ರೊಟ್ಟಿ, ಕೋಳಿ, ನಿಂಬೆ ಅಲ್ಲಿಗೆ ಬಂದವು. ಇಂದು ಪೆರುವಿನದು ಎಂದು ಹೆಸರಾದ ಹಳದಿ ಸಾರುಗಳು ಈ ಎರಡರ ಕೂಡಿಕೆ: ಸ್ಥಳೀಯ ಮೆಣಸಿನಕಾಯಿ ಮತ್ತು ಆಲೂಗಡ್ಡೆ, ಹೊರಗಿನಿಂದ ಬಂದ ಹಾಲು ಮತ್ತು ರೊಟ್ಟಿ. 1849ರಿಂದ ಬಂದ ಚೀನೀ ಕೂಲಿಗಳು, 1899ರಿಂದ ಬಂದ ಜಪಾನೀಯರು ತಮ್ಮ ಸೋಯಾ ಸಾಸ್, ಹುರಿಯುವ ಪದ್ಧತಿ, ಹಸಿ ಮೀನಿನ ಕಲೆಯನ್ನು ಸೇರಿಸಿದರು. ಅವರ ಅಡುಗೆಗಳಿಗೂ ಅಮರಿಯೊ ಸೇರಿಕೊಂಡಿತು.

16ನೇ ಶತಮಾನದಲ್ಲೇ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಮೆಣಸಿನಕಾಯಿ ಹೆಚ್ಚಾಗಿ ಕ್ಯಾಪ್ಸಿಕಂ ಆನ್ಯುಮ್ ಜಾತಿಯದು. ಬ್ಯಾಡಗಿ, ಗುಂಟೂರು ಎಲ್ಲವೂ ಆ ಪ್ರಭೇದದ ತಳಿಗಳು. ಅಮರಿಯೊ, ರೊಕೋಟೊಗಳ ಪ್ರಭೇದಗಳು ನಮ್ಮಲ್ಲಿ ಅಷ್ಟಾಗಿ ಬೇರೂರಲಿಲ್ಲ. ಅವುಗಳ ರುಚಿ ನಮ್ಮ ನಾಲಿಗೆಗೆ ಹೊಸದಾಗಿ ತೋರುವುದು ಅದಕ್ಕೇ.

ಪೇಸ್ಟ್ ಮಾಡುವ ಬಗೆ

ಹಸಿ ಕಾಯಿಯಿಂದ: ಅರ್ಧ ಕೆಜಿ ಅಮರಿಯೊ ತೆಗೆದುಕೊಂಡು ತೊಟ್ಟು ಮುರಿದು ಉದ್ದಕ್ಕೆ ಸೀಳಬೇಕು. ಕೈಗವಸು ಹಾಕಿಕೊಳ್ಳುವುದು ಕ್ಷೇಮ. ಚಮಚದ ತುದಿಯಿಂದ ಬೀಜವನ್ನೂ ಅದು ಅಂಟಿಕೊಂಡಿರುವ ಬಿಳಿ ತಿರುಳನ್ನೂ ಕೆರೆದು ತೆಗೆಯಬೇಕು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ತುಂಬಿರುವುದು ಆ ತಿರುಳಿನಲ್ಲಿ. ಅದು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಖಾರ ಇಳಿಸುವ ದೊಡ್ಡ ಕೆಲಸ ಈ ಕೆರೆಯುವ ಹಂತದಲ್ಲೇ ಮುಗಿಯಬೇಕು.

ನಂತರ ಕಾಯಿಗಳನ್ನು ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಕುದಿಸುತ್ತಾರೆ. ಎರಡು ಮೂರು ಸಲ ಹೀಗೆ ಮಾಡುವುದು ರೂಢಿ. ಕೆಲವರು ನೀರಿಗೆ ಒಂದು ಚಮಚ ಸಕ್ಕರೆ, ಸ್ವಲ್ಪ ವಿನೆಗರ್ ಸೇರಿಸುತ್ತಾರೆ. ಉಳಿದ ಖಾರದಲ್ಲಿ ಒಂದಿಷ್ಟು ಹೊರಬೀಳುತ್ತದೆ, ಹಸಿ ಘಾಟು ಹೋಗುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ತಣಿದ ಮೇಲೆ ಬೆರಳಿನಲ್ಲಿ ಒತ್ತಿದರೆ ತೆಳು ಸಿಪ್ಪೆ ಒಂದೇ ಎಳೆಯಾಗಿ ಜಾರಿ ಬರುತ್ತದೆ. ಕೆಳಗಿನ ತೊಗಲು ಮಾಗಿದ ಮಾವಿನ ಬಣ್ಣದಲ್ಲಿ ಮೆತ್ತಗಿರುತ್ತದೆ. ಅದನ್ನು ಎರಡು ಮೂರು ಚಮಚ ಎಣ್ಣೆಯೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಪೇಸ್ಟ್ ಸಿದ್ಧ. ಸಿಪ್ಪೆ ಉಳಿದಿದ್ದರೆ ಸಾರು ತರಿತರಿಯಾಗುತ್ತದೆ, ಹಾಗಿದ್ದಲ್ಲಿ ಜರಡಿಯಲ್ಲಿ ಸೋಸಬೇಕು.

ಒಣ ಕಾಯಿಯಿಂದ: ಪಾಂಕಾ ಅಥವಾ ಮಿರಾಸೋಲ್‌ನ ತೊಟ್ಟು, ಬೀಜ ತೆಗೆದು, ಸಣ್ಣ ಉರಿಯ ಬಾಣಲೆಯಲ್ಲಿ ಕೆಲವೇ ಕ್ಷಣ ಬೆಚ್ಚಗೆ ಮಾಡಬೇಕು. ಘಮ ಬಂದ ತಕ್ಷಣ ಇಳಿಸಬೇಕು, ಕಪ್ಪಾದರೆ ಕಹಿ ಬರುತ್ತದೆ. ಬಿಸಿನೀರಿನಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನೆನೆಸಿ, ಮೆತ್ತಗಾದ ಮೇಲೆ ಸ್ವಲ್ಪ ನೀರು, ಎಣ್ಣೆ ಹಾಕಿ ರುಬ್ಬಿ ಸೋಸುವುದು. ಒಣ ಕಾಯಿಯ ಸಿಪ್ಪೆ ಗಡಸು, ಹಾಗಾಗಿ ಇಲ್ಲಿ ಸೋಸುವುದನ್ನು ಬಿಡುವಂತಿಲ್ಲ.

ಆಂಡಿಸ್‌ನ ಹಳ್ಳಿಮನೆಗಳಲ್ಲಿ ಇಂದಿಗೂ ‘ಬತಾನ್’ ಎಂಬ ಕಲ್ಲಿನಲ್ಲಿ ಅರೆಯುತ್ತಾರೆ. ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಅರ್ಧಚಂದ್ರಾಕಾರದ ಇನ್ನೊಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತೂಗುತ್ತಾರೆ. ನಗರದ ಮನೆಗಳಲ್ಲಿ ಆ ಜಾಗ ಮಿಕ್ಸಿಗೆ ಹೋಗಿದೆ.

ಅದೆರೇಸೊ ಎಂಬ ಅಡಿಪಾಯ

ಪೆರುವಿನ ಬಹುಪಾಲು ಸಾರುಗಳು ಆರಂಭವಾಗುವುದು ‘ಅದೆರೇಸೊ’ದಿಂದ. ಎಣ್ಣೆ, ಕೆಂಪು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಪೇಸ್ಟ್, ಇಷ್ಟೇ ಅದರ ಸಾಮಗ್ರಿ. ಈ ಹಂತ ಕೈಗೆ ಬಂದರೆ ಮುಂದಿನ ಹತ್ತಾರು ಅಡುಗೆಗಳು ಸಲೀಸು.

ಮೂರು ಚಮಚ ಎಣ್ಣೆ ಕಾಯಿಸಿ, ದೊಡ್ಡ ಈರುಳ್ಳಿಯೊಂದನ್ನು ತೀರಾ ಸಣ್ಣಗೆ ಹೆಚ್ಚಿ ಹಾಕಬೇಕು. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಈರುಳ್ಳಿ ಕೆಂಪಾಗಬಾರದು, ಎಂಟು ಹತ್ತು ನಿಮಿಷದಲ್ಲಿ ಕುಗ್ಗಿ, ಪಾರದರ್ಶಕವಾಗಿ, ಸಿಹಿ ವಾಸನೆ ಬರಬೇಕು. ಆಗ ಒಂದು ಚಮಚ ಅರೆದ ಬೆಳ್ಳುಳ್ಳಿ. ಅದರ ಘಾಟು ಇಳಿದ ಮೇಲೆ ನಾಲ್ಕು ಚಮಚ ಅಮರಿಯೊ ಪೇಸ್ಟ್.

ಹಾಕಿದ ಕೂಡಲೇ ಪೇಸ್ಟ್ ಚಟಪಟ ಸಿಡಿಯುತ್ತದೆ, ಮೂಗಿಗೆ ಹಸಿ ಕಾಯಿಯ ವಾಸನೆ ಹೊಡೆಯುತ್ತದೆ. ಉರಿ ಇನ್ನೂ ತಗ್ಗಿಸಿ ತಳ ಹಿಡಿಯದಂತೆ ಕೈಯಾಡಿಸುತ್ತಿದ್ದರೆ ಸಿಡಿತ ನಿಂತು ಗುಳ್ಳೆಗಳು ದಪ್ಪವಾಗುತ್ತವೆ. ಬಣ್ಣ ಗಾಢವಾಗುತ್ತದೆ. ಸುಮಾರು ಹತ್ತು ನಿಮಿಷಕ್ಕೆ ಅಂಚಿನಲ್ಲಿ ಹಳದಿ ಎಣ್ಣೆ ಮಣಿಮಣಿಯಾಗಿ ಹೊರಬರುತ್ತದೆ, ಸೌಟು ಎಳೆದರೆ ದಾರಿ ಹಾಗೆಯೇ ನಿಲ್ಲುತ್ತದೆ. ಗೊಜ್ಜಿನ ಮಸಾಲೆ ಬಾಡಿಸುವಾಗ ನಮ್ಮವರು ಎಣ್ಣೆ ಬಿಡುವವರೆಗೆ ಕಾಯುತ್ತಾರಲ್ಲ, ಅದೇ ಹದ. ನೀರಿನಂಶ ಆರಿ, ಕಾಯಿಯ ಬಣ್ಣ ಮತ್ತು ಸುವಾಸನೆ ಎಣ್ಣೆಗೆ ಇಳಿದಿದೆ ಎಂಬುದರ ಗುರುತು ಅದು.

ಇದಕ್ಕೆ ಹೊರತಾದವೂ ಇವೆ. ಕೌಸಾ ಎಂಬ ಆಲೂಗಡ್ಡೆ ತಿನಿಸಿಗೆ, ಸೆವಿಚೆಯ ಹುಳಿ ರಸಕ್ಕೆ ಪೇಸ್ಟನ್ನು ಬಾಡಿಸದೆ ನೇರವಾಗಿ ಬೆರೆಸುತ್ತಾರೆ. ಮನೆಯಲ್ಲಿ ಕುದಿಸಿ ಮಾಡಿದ ಪೇಸ್ಟ್ ಆಗಲೇ ಬೆಂದಿರುವುದರಿಂದ ಅಲ್ಲಿ ತೊಂದರೆಯಿಲ್ಲ.

ಹಳದಿ ಪೇಸ್ಟ್‌ನ ಅಡುಗೆಗಳು

ಪಾಪಾ ಆ ಲಾ ವಾಂಕಾಯಿನಾ: ಮೊದಲ ಪ್ರಯೋಗಕ್ಕೆ ಇದಕ್ಕಿಂತ ಸುಲಭವಾದದ್ದು ಇಲ್ಲ. ಬೇಯಿಸಿದ ಆಲೂಗಡ್ಡೆ ಬಿಲ್ಲೆಗಳ ಮೇಲೆ ತಣ್ಣನೆಯ ಹಳದಿ ಗಿಣ್ಣಿನ ಸಾಸ್. ಹೆಸರು ಬಂದದ್ದು ಬೆಟ್ಟದ ಮೇಲಿನ ವಾಂಕಾಯೊ ಪಟ್ಟಣದಿಂದ. ಲಿಮಾದಿಂದ ಹೊರಟ ರೈಲು 1908ರಲ್ಲಿ ಅಲ್ಲಿಗೆ ತಲುಪಿತು. ಹಳಿ ಹಾಕುತ್ತಿದ್ದ ಕೂಲಿಗಳಿಗೆ ಹೆಂಗಸರು ಇದನ್ನು ಮಾರುತ್ತಿದ್ದರೆಂದು ಜನ ಕಥೆ ಹೇಳುತ್ತಾರೆ. ನಾಲ್ಕು ಜನಕ್ಕೆ ಮಾಡುವುದಾದರೆ, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ನಾಲ್ಕು ಚಮಚ ಪೇಸ್ಟನ್ನು ಎಣ್ಣೆಯಲ್ಲಿ ಬಾಡಿಸಿ ತಣಿಸಿ. 200 ಗ್ರಾಂ ತಾಜಾ ಗಿಣ್ಣು, ಅರ್ಧ ಲೋಟ ಎವಾಪರೇಟೆಡ್ ಹಾಲು, ನಾಲ್ಕೈದು ಉಪ್ಪು ಬಿಸ್ಕತ್ತು ಸೇರಿಸಿ ರುಬ್ಬಿ. ಅಲ್ಲಿನ ತಾಜಾ ಗಿಣ್ಣು ಸ್ವಲ್ಪ ಉಪ್ಪುಪ್ಪಾಗಿರುತ್ತದೆ. ನಮ್ಮಲ್ಲಿ ಮೆತ್ತನೆಯ ಪನೀರ್‌ಗೆ ಒಂದಿಷ್ಟು ಉಪ್ಪು ಹಾಕಿದರೆ ನಡೆಯುತ್ತದೆ. ಎವಾಪರೇಟೆಡ್ ಹಾಲು ಸಿಗದಿದ್ದರೆ ಗಟ್ಟಿ ಹಾಲನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿಕೊಳ್ಳಬಹುದು. ಸಿಹಿಯಾದ ಕಂಡೆನ್ಸ್ಡ್ ಹಾಲು ಮಾತ್ರ ಬೇಡ. ಸಾಸ್ ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಿರಲಿ. ಲೆಟಿಸ್ ಎಲೆ, ಬೇಯಿಸಿದ ಮೊಟ್ಟೆ, ಕಪ್ಪು ಆಲಿವ್ ಜೊತೆ ಬಡಿಸುವುದು ಪದ್ಧತಿ.

ಅಹೀ ದೆ ಗಯೀನಾ: ಬೇಯಿಸಿದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಳದಿ ಗಟ್ಟಿ ಸಾರಿನಲ್ಲಿ ಕುದಿಸುವ ಅಡುಗೆ. ಅರ್ಧ ಕೆಜಿ ಕೋಳಿಗೆ ನಾಲ್ಕೈದು ಚಮಚ ಪೇಸ್ಟ್‌ನ ಅದೆರೇಸೊ, ಹಾಲಿನಲ್ಲಿ ನೆನೆಸಿ ರುಬ್ಬಿದ ನಾಲ್ಕು ಬ್ರೆಡ್ ಹೋಳು, ಒಂದು ಹಿಡಿ ಪೆಕಾನ್ ಅಥವಾ ಅಕ್ರೋಟ್ ಪುಡಿ, ಸ್ವಲ್ಪ ತುರಿದ ಪಾರ್ಮೆಸಾನ್ ಗಿಣ್ಣು. ಕೋಳಿ ಬೇಯಿಸಿದ ನೀರನ್ನೇ ಹಾಕುತ್ತಾ ಹದ ಮಾಡುತ್ತಾರೆ. ಬ್ರೆಡ್ ಸೇರಿದ ಮೇಲೆ ತಳ ಹಿಡಿಯುವುದು ಬೇಗ, ಆದ್ದರಿಂದ ಸೌಟು ನಿಲ್ಲಿಸಬಾರದು. ಅನ್ನ, ಆಲೂಗಡ್ಡೆ ಎರಡೂ ಒಂದೇ ತಟ್ಟೆಯಲ್ಲಿರುತ್ತವೆ. ಸಸ್ಯಾಹಾರಿಗಳು ಕೋಳಿಯ ಜಾಗದಲ್ಲಿ ಎಳೆಯಾಗಿ ಸೀಳಿದ ಅಣಬೆ ಬಳಸಬಹುದು.

ಕೌಸಾ: ಬೇಯಿಸಿದ ಒಂದು ಕೆಜಿ ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಗಂಟಿಲ್ಲದಂತೆ ಕಿವುಚಿ, ಮೂರು ನಾಲ್ಕು ಚಮಚ ಅಮರಿಯೊ ಪೇಸ್ಟ್, ಎರಡು ಮೂರು ನಿಂಬೆಯ ರಸ, ಎಣ್ಣೆ, ಉಪ್ಪು ಹಾಕಿ ನಾದಬೇಕು. ಹಿಟ್ಟಿನಂತೆ ಕೂಡಿಕೊಂಡ ಮೇಲೆ ಒಂದು ಪದರ ಆಲೂಗಡ್ಡೆ, ನಡುವೆ ಬೆಣ್ಣೆಹಣ್ಣು ಮತ್ತು ಮೇಯೊನೀಸ್ ಬೆರೆಸಿದ ಕೋಳಿ ಅಥವಾ ಟ್ಯೂನಾ, ಮೇಲೆ ಮತ್ತೊಂದು ಪದರ ಜೋಡಿಸಿ ತಣ್ಣಗೆ ಬಡಿಸುವುದು. ಬೆಂದರೆ ಅರಳುವ ಹಿಟ್ಟು ಆಲೂಗಡ್ಡೆಯೇ ಇದಕ್ಕೆ ಬೇಕು. ಅಂಟು ಜಾತಿಯದು ಗೋಂದಿನಂತಾಗುತ್ತದೆ.

ಲೋಕ್ರೊ ದೆ ಸಪಾಯೊ: ಮಾಂಸವಿಲ್ಲದ, ದಿನನಿತ್ಯದ ಅಡುಗೆ. ಅದೆರೇಸೊಗೆ ಸಿಹಿಗುಂಬಳದ ಹೋಳು, ಆಲೂಗಡ್ಡೆ, ಮೆಕ್ಕೆಜೋಳ, ಹಸಿ ಬಟಾಣಿ ಹಾಕಿ ಸ್ವಲ್ಪವೇ ನೀರಿನಲ್ಲಿ ಬೇಯಿಸುತ್ತಾರೆ. ಕುಂಬಳ ಕರಗಿ ತಾನೇ ಸಾರಾಗುತ್ತದೆ. ಕೊನೆಗೆ ಹಾಲು, ಗಿಣ್ಣಿನ ತುಂಡು. ಕುಂಬಳದ ಸಿಹಿಗೂ ಅಮರಿಯೊದ ಹಣ್ಣಿನ ಖಾರಕ್ಕೂ ಚೆನ್ನಾಗಿ ಹೊಂದುತ್ತದೆ.

ಪಾಂಕಾ ಮತ್ತು ಮಿರಾಸೋಲ್

ಸಂಜೆಯಾದರೆ ಲಿಮಾದ ಬೀದಿಗಳಲ್ಲಿ ಕೆಂಡದ ಮೇಲೆ ಆಂತಿಕೂಚೊ ಸುಡುತ್ತಾರೆ. ದನದ ಹೃದಯದ ತೆಳು ತುಂಡುಗಳನ್ನು ಪಾಂಕಾ ಪೇಸ್ಟ್, ವಿನೆಗರ್, ಬೆಳ್ಳುಳ್ಳಿ, ಜೀರಿಗೆ, ಓರೆಗಾನೊದಲ್ಲಿ ನೆನೆಸಿ ಕಡ್ಡಿಗೆ ಪೋಣಿಸಿ ಸುಡುವ ತಿನಿಸು. ಈ ಅಡುಗೆ ಉಳಿದು ಬೆಳೆದದ್ದರಲ್ಲಿ ಆಫ್ರಿಕಾ ಮೂಲದ ಪೆರುವಿನವರ ಪಾಲು ದೊಡ್ಡದು. ಉಳಿದ ಮಸಾಲೆಯನ್ನು ಜೋಳದ ತೆನೆಯ ಸಿಪ್ಪೆ ಕಟ್ಟಿ ಮಾಡಿದ ಕುಂಚದಿಂದ ಸವರುತ್ತಾ ಹೋಗುತ್ತಾರೆ. ಎಣ್ಣೆ ಕೆಂಡಕ್ಕೆ ಬಿದ್ದು ಏಳುವ ಹೊಗೆಯೇ ಅರ್ಧ ರುಚಿ. ಮನೆಯಲ್ಲಿ ಕೋಳಿ, ಅಣಬೆ ಅಥವಾ ಪನೀರ್‌ಗೆ ಇದೇ ಮಸಾಲೆ ಹಾಕಬಹುದು: ಮೂರು ಚಮಚ ಪಾಂಕಾ ಪೇಸ್ಟ್, ಮೂರು ಚಮಚ ವಿನೆಗರ್, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಜೀರಿಗೆ ಪುಡಿ, ಉಪ್ಪು, ಎಣ್ಣೆ. ಹಸಿ ಮಾಂಸ ನೆನೆದ ಮಸಾಲೆಯನ್ನು ಕೊನೆಯಲ್ಲಿ ಸವರಬಾರದು. ಸವರಲು ಬೇಕಾದಷ್ಟನ್ನು ಮೊದಲೇ ಬೇರೆ ತೆಗೆದಿಡಬೇಕು.

ದಕ್ಷಿಣದ ಅರೆಕೀಪಾದಲ್ಲಿ ಹಂದಿಮಾಂಸವನ್ನು ಪಾಂಕಾ ಮತ್ತು ಜೋಳದ ಹುದುಗು ಪಾನೀಯವಾದ ಚಿಚಾದಲ್ಲಿ ರಾತ್ರಿಯಿಡೀ ನೆನೆಸಿ ಅದೋಬೊ ಮಾಡುತ್ತಾರೆ. ಅದು ಭಾನುವಾರ ಬೆಳಗಿನ ತಿಂಡಿ, ಜೊತೆಗೆ ಬ್ರೆಡ್. ಅದೇ ಊರಿನ ಒಕೋಪಾ ಎಂಬ ಆಲೂಗಡ್ಡೆ ಖಾದ್ಯಕ್ಕೆ ಮಿರಾಸೋಲ್, ಹುರಿದ ಕಡಲೆಕಾಯಿ ಮತ್ತು ‘ವಕತಾಯ್’ ಸೊಪ್ಪು ಬೇಕು. ವಕತಾಯ್ ಚೆಂಡುಹೂವಿನ ಕುಲದ ಗಿಡ, ಘಾಟು ಪರಿಮಳದ್ದು. ಅದು ಸಿಗದ ಕಡೆ ಪುದೀನ ಮತ್ತು ಕೊತ್ತಂಬರಿ ಬೆರೆಸಿ ಹಾಕುತ್ತಾರೆ, ರುಚಿ ಪೂರ್ತಿ ಅದೇ ಆಗದಿದ್ದರೂ ದಿಕ್ಕು ಸರಿಯಿರುತ್ತದೆ.

ರೊಕೋಟೊ

ಅರೆಕೀಪಾದ ರೊಕೋಟೊ ರೆಯೇನೊ ಎಂದರೆ ಕೈಮಾ, ಗಿಣ್ಣು ತುಂಬಿ ಬೇಯಿಸಿದ ಇಡೀ ಕಾಯಿ. ಪೇಸ್ಟ್ ರೂಪದಲ್ಲಿ ಇದನ್ನು ಹೆಚ್ಚಾಗಿ ಊಟದ ಮೇಜಿನ ಚಟ್ನಿಗೆ ಬಳಸುತ್ತಾರೆ. ರೊಕೋಟೊ, ವಕತಾಯ್, ಉಪ್ಪು ಸೇರಿಸಿ ಅರೆದ ಉಚುಕೂತಾ ಬೆಟ್ಟದ ಊರುಗಳಲ್ಲಿ ಬೇಯಿಸಿದ ಆಲೂಗಡ್ಡೆಗೆ, ಸುಟ್ಟ ಮಾಂಸಕ್ಕೆ ಜೊತೆ. ಸೆವಿಚೆಯ ನಿಂಬೆ ರಸಕ್ಕೆ ಅರ್ಧ ಚಮಚ ರೊಕೋಟೊ ಹಾಕಿದರೂ ಬಣ್ಣ ನಸುಗೆಂಪಾಗಿ, ಖಾರ ಕೂಡಲೇ ತಾಗುತ್ತದೆ. ಅಮರಿಯೊವನ್ನು ಚಮಚದಲ್ಲಿ ಅಳೆಯುವ ಕೈ ರೊಕೋಟೊಗೆ ಬಂದಾಗ ಬಿಗಿಯಾಗಬೇಕು.

ಕೊಳ್ಳುವಾಗ, ಇಡುವಾಗ

ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಲ್ಯಾಟಿನ್ ಅಮೆರಿಕದ ದಿನಸಿ ಅಂಗಡಿಗಳಲ್ಲಿ ಬಾಟಲಿ ಪೇಸ್ಟ್, ಒಣ ಪಾಂಕಾ, ಹೆಪ್ಪುಗಟ್ಟಿಸಿದ ಅಮರಿಯೊ ಕಾಯಿ ಮೂರೂ ಸಿಗುವುದುಂಟು. ಹೆಪ್ಪುಗಟ್ಟಿದ ಕಾಯಿಯಿಂದ ಮನೆಯಲ್ಲಿ ಮಾಡಿದ ಪೇಸ್ಟ್‌ಗೆ ರುಚಿ ಹೆಚ್ಚು. ಬಾಟಲಿ ಕೊಳ್ಳುವಾಗ ಹೆಸರಿನಲ್ಲಿ ‘ಪಾಸ್ತಾ’ ಎಂದಿದೆಯೇ ನೋಡಬೇಕು. ‘ಕ್ರೆಮಾ’ ಅಥವಾ ‘ಸಾಲ್ಸಾ’ ಎಂದಿದ್ದರೆ ಅದು ಎಣ್ಣೆ ಮತ್ತಿತರ ಪದಾರ್ಥ ಬೆರೆತ, ನೇರವಾಗಿ ನಂಚಿಕೊಳ್ಳುವ ಸಾಸ್ ಆಗಿರುವುದೇ ಹೆಚ್ಚು. ಬಾಟಲಿ ಪೇಸ್ಟ್‌ನಲ್ಲಿ ಉಪ್ಪು ಮತ್ತು ಸಿಟ್ರಿಕ್ ಆಮ್ಲ ಇರುವುದು ಸಾಮಾನ್ಯ, ಆದ್ದರಿಂದ ಅಡುಗೆಗೆ ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕುವುದು ಒಳ್ಳೆಯದು.

ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಣ ಚಮಚವನ್ನೇ ಬಳಸಬೇಕು. ಮನೆಯಲ್ಲಿ ಮಾಡಿದ್ದರಲ್ಲಿ ಹುಳಿ ಇರುವುದಿಲ್ಲ. ಹುಳಿಯಿಲ್ಲದ ತರಕಾರಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಾಡದ ಆ ಜಾಗದಲ್ಲಿ ಬೊಟುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಹಾಗಾಗಿ ನಾಲ್ಕೈದು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಡಬ್ಬಿಗೆ ತುಂಬಿ ಫ್ರೀಜರಿನಲ್ಲೇ ಇಡಬೇಕು. ಬೇಕೆಂದಾಗ ಒಂದೆರಡು ತುಂಡನ್ನು ನೇರವಾಗಿ ಎಣ್ಣೆಗೆ ಹಾಕಬಹುದು.

ಸಿಗದಿದ್ದರೆ

ಪಾಂಕಾದ ಜಾಗಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಕಾಯಿಯಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕೂಡ ಕಡಿಮೆ ಖಾರ, ಗಾಢ ಬಣ್ಣದ್ದು. ಬೀಜ ತೆಗೆದು ನೆನೆಸಿ ರುಬ್ಬಿ, ಚೂರು ಸ್ಮೋಕ್ಡ್ ಪಾಪ್ರಿಕಾ ಸೇರಿಸಿದರೆ ಆಂತಿಕೂಚೊ ಮಸಾಲೆಗೆ ಸಾಕು. ಬಣ್ಣ ಪಾಂಕಾಕ್ಕಿಂತ ಕೆಂಪಾಗಿರುತ್ತದೆ, ಹಣ್ಣಿನ ಸಿಹಿ ಮಾತ್ರ ಕಡಿಮೆ.

ಅಮರಿಯೊಗೆ ಹತ್ತಿರ ಬರುವುದು ಕಷ್ಟ. ಹಳದಿ ದೊಣ್ಣೆಮೆಣಸಿನಕಾಯಿಯನ್ನು ಉರಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಬೀಜ ತೆಗೆದ ಒಂದೆರಡು ಖಾರದ ಹಸಿಮೆಣಸಿನಕಾಯಿಯೊಂದಿಗೆ ರುಬ್ಬಿದರೆ ಬಣ್ಣ ಮತ್ತು ಮಂದ ಸಿಗುತ್ತದೆ. ನೀರಿನಂಶ ಹೆಚ್ಚಿರುವುದರಿಂದ ಇದನ್ನು ಇನ್ನೂ ಹೆಚ್ಚು ಹೊತ್ತು ಬಾಡಿಸಬೇಕು. ರೊಕೋಟೊಗೆ ಕೆಂಪು ದೊಣ್ಣೆಮೆಣಸಿನಕಾಯಿ ಮತ್ತು ಖಾರದ ಕೆಂಪು ಕಾಯಿಯ ಮಿಶ್ರಣ ಮಾಡಬಹುದು.

ಹದ ತಪ್ಪಿದಾಗ

ಖಾರ ಜಾಸ್ತಿಯಾದರೆ ನೀರು ಸುರಿದು ಉಪಯೋಗವಿಲ್ಲ; ಹಾಲು, ಗಿಣ್ಣು, ರುಬ್ಬಿದ ಅಕ್ರೋಟ್ ಸೇರಿಸಬೇಕು. ಹಾಲಿನ ಕೊಬ್ಬು ಮತ್ತು ಕೇಸಿನ್ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಹಿ ಬಂದಿದ್ದರೆ ಬೆಳ್ಳುಳ್ಳಿ ಸೀದಿರಬೇಕು ಅಥವಾ ಪಾಂಕಾ ಕಪ್ಪಾಗಿರಬೇಕು, ಆಗ ಅದೆರೇಸೊವನ್ನು ಹೊಸದಾಗಿ ಮಾಡುವುದೇ ದಾರಿ. ಹಾಲು ಒಡೆದರೆ ಬಾಟಲಿ ಪೇಸ್ಟ್‌ನ ಹುಳಿ ಮತ್ತು ಜೋರು ಉರಿ ಕಾರಣ. ಉರಿ ತಗ್ಗಿಸಿ ಹಾಲನ್ನು ಕೊನೆಗೆ ಹಾಕಬೇಕು. ಸಾಸ್ ಪೇಲವವಾಗಿ ಹಸಿ ವಾಸನೆ ಬರುತ್ತಿದ್ದರೆ ಪೇಸ್ಟ್ ಬಾಡಿದ್ದು ಸಾಲದು.

ಹೊಸಬರು ಒಂದೇ ಬಾಟಲಿ ಕೊಳ್ಳುವುದಾದರೆ ಅಮರಿಯೊ ಕೊಳ್ಳಲಿ, ಆಲೂಗಡ್ಡೆಯ ವಾಂಕಾಯಿನಾದಿಂದ ಶುರು ಮಾಡಲಿ. ಪೇಸ್ಟ್, ಈರುಳ್ಳಿ, ಹಾಲು, ಗಿಣ್ಣು ಹೇಗೆ ಕೂಡಿಕೊಳ್ಳುತ್ತವೆಂದು ಅಲ್ಲಿ ತಿಳಿದುಬಿಟ್ಟರೆ ಕೋಳಿಯದು, ಕುಂಬಳದ್ದು ಎರಡೂ ಅದರ ಮುಂದುವರಿಕೆ ಅಷ್ಟೆ.